ಪ್ರತಿಕೃತಿಯೂ ಒಂದು ಓದು

ಹಿರಿಯ ಕಲಾವಿದರ ಕೃತಿಯೊಂದನ್ನು ಮುಂದಿಟ್ಟುಕೊಂಡು, ಅದರಂತೆಯೇ ಚಿತ್ರಿಸುತ್ತ ತೈಲವರ್ಣದ ಭಾವಚಿತ್ರ ರಚನೆಯನ್ನು ಕಲಿಯುವುದು ಯುರೋಪಿನ ಹಳೆಯ ಪದ್ಧತಿ. ಇದನ್ನು ಬರಿಯ ‘ನಕಲು’ ಎಂದು ಕಡೆಗಣಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಡಚ್ ಕಲಾವಿದ ವರ್ಮೀರನ ‘ಮುತ್ತಿನೋಲೆಯ ಹುಡುಗಿ’ (ಸು. 1665) ಚಿತ್ರವನ್ನು ಮುದ್ರಿತ ಪ್ರತಿಯೊಂದರಿಂದ ಬರೆಯಲು ಯತ್ನಿಸಿದಾಗ ಈ ಮಾತು ನನಗೆ ಮನದಟ್ಟಾಯಿತು.

ನೋಡುವಾಗ ಆ ಮೂಗಿನ ಆಕಾರ ಸ್ಪಷ್ಟವಾಗಿದೆಯೆಂದೇ ನಂಬುತ್ತೇವೆ. ಕುಂಚ ಹಿಡಿದಾಗ, ಮೂಗಿನ ಏಣನ್ನು ಕೆನ್ನೆಯಿಂದ ಬೇರ್ಪಡಿಸುವ ಗೆರೆಯೇ ಅಲ್ಲಿಲ್ಲವೆಂಬುದು ತಿಳಿಯುತ್ತದೆ. ನಾನೆಳೆದ ಗೆರೆಯನ್ನು ಮೂರು ಸಲ ಒರೆಸಬೇಕಾಯಿತು. ಓಲೆಗೆ ಕೊಂಡಿಯಿಲ್ಲ, ಮೇಲೊಂದು ಬಿಳಿಯ ಹೊಳಪು, ಕೆಳಗೆ ಕೊರಳಪಟ್ಟಿಯ ಮಸುಕಾದ ಪ್ರತಿಫಲನ, ಇಷ್ಟರಿಂದಲೇ ಮುತ್ತು ಮೂಡಿದೆ. ಹಿನ್ನೆಲೆಯದು ಇನ್ನೂ ಜಟಿಲವಾದ ಪ್ರಶ್ನೆ. ಇಂದು ಕಪ್ಪಾಗಿ ಕಾಣುವ ಆ ಭಾಗ ಮೊದಲು ಹಸಿರು ಪರದೆಯಾಗಿತ್ತೆಂಬುದು ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯವು 2018ರಲ್ಲಿ ಆರಂಭಿಸಿದ ವೈಜ್ಞಾನಿಕ ಪರೀಕ್ಷೆಯಿಂದ ತಿಳಿದುಬಂದಿದೆ. ಹಾಗಾದರೆ ಕಲಿಯುವವನು ಅನುಸರಿಸಬೇಕಾದುದು ಇಂದಿನ ಕಪ್ಪನ್ನೋ, ಅಂದಿನ ಹಸಿರನ್ನೋ? ಗ್ರಂಥಸಂಪಾದಕನು ಪಾಠನಿರ್ಣಯದಲ್ಲಿ ಎದುರಿಸುವ ಪ್ರಶ್ನೆಯೂ ಇಂಥದೇ. ಬರಿದೆ ನೋಡುವವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ.

ಚಿತ್ರದ ಉಪಮೆಯನ್ನೇ ಬಳಸಿ ಅನುಕರಣೆಯನ್ನು ನಿರಾಕರಿಸಿದವನು ಆನಂದವರ್ಧನ. ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಆತ ಕಾವ್ಯಗಳ ನಡುವಣ ಹೋಲಿಕೆಯನ್ನು ಪ್ರತಿಬಿಂಬದಂತಹುದು, ಚಿತ್ರದಂತಹುದು, ಇಬ್ಬರು ದೇಹಧಾರಿಗಳ ನಡುವಿನಂತಹುದು ಎಂದು ವಿಂಗಡಿಸಿ, ಮೊದಲೆರಡನ್ನು ಕವಿಯು ತ್ಯಜಿಸಬೇಕೆನ್ನುತ್ತಾನೆ. ಈ ನಿಯಮ ಕವಿಗೆ ಸಲ್ಲತಕ್ಕದ್ದು. ಅಭ್ಯಾಸಿಗೂ ಇದನ್ನೇ ವಿಧಿಸಿದರೆ ಕಲಿಕೆಯ ದಾರಿ ಮುಚ್ಚುತ್ತದೆ. ಪ್ರತಿಭೆ, ವ್ಯುತ್ಪತ್ತಿಗಳೊಡನೆ ಅಭ್ಯಾಸವನ್ನೂ ಕಾವ್ಯಹೇತುವೆಂದು ಎಣಿಸಿದ ಪರಂಪರೆ ನಮ್ಮದೆಂಬುದನ್ನು ಮರೆಯಬಾರದು.

ಕನ್ನಡ ಅಧ್ಯಯನಕ್ಕೂ ಈ ಮಾತು ಅನ್ವಯಿಸುತ್ತದೆ. ಕಂದಪದ್ಯದ ಪಾದಗಳಿಗೆ ಕ್ರಮವಾಗಿ 12, 20, 12, 20 ಮಾತ್ರೆಗಳೆಂದು ಪರೀಕ್ಷೆಯಲ್ಲಿ ಬರೆದ ನಾನು, ಎಂ.ಎ. ಮುಗಿಯುವವರೆಗೂ ಒಂದು ಕಂದವನ್ನಾದರೂ ಕಟ್ಟಿರಲಿಲ್ಲ. ಪಂಪನ ಕಂದವೊಂದನ್ನು ಮಾದರಿಯಾಗಿಟ್ಟುಕೊಂಡು ಮತ್ತೊಂದನ್ನು ರಚಿಸಲು ತೊಡಗಿದರೆ, ಯಾವ ಗಣ ಎಲ್ಲಿ ಏಕೆ ಬಂದಿದೆಯೆಂಬುದು ಕೈಗೇ ತಿಳಿಯುತ್ತದೆ. ಇದರಿಂದ ಕೃತಿಚೌರ್ಯಕ್ಕೆ ಎಡೆಯಾದೀತೆಂಬ ಆತಂಕ ಬೇಡ. ಚೌರ್ಯವು ಮೂಲವನ್ನು ಮರೆಮಾಚುತ್ತದೆ. ಪ್ರತಿಕೃತಿಯು ಮೂಲವನ್ನು ಹೆಸರಿಸಿಯೇ ಆರಂಭವಾಗುತ್ತದೆ. ಛಂದಸ್ಸಿನ ಪತ್ರಿಕೆಯಲ್ಲಿ ಇಂಥ ರಚನಾಭ್ಯಾಸಕ್ಕೂ ಕೆಲವು ಅಂಕಗಳನ್ನು ಮೀಸಲಿಡುವುದನ್ನು ಪಠ್ಯಕ್ರಮ ರೂಪಿಸುವ ಹಿರಿಯರು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.