ನಡೆದರೆ ಮಾತ್ರ ಆಟವೇ?

ಮಕ್ಕಳೇ, ಟಿವಿಯಲ್ಲಿ ಗಾಲ್ಫ್ ನೋಡಿದ್ದೀರಾ? ಚೆಂಡು ಹೊಡೆಯುವುದು ಒಂದು ಕ್ಷಣದ ಕೆಲಸ. ಅದರ ಹಿಂದೆ ಹೋಗುವುದಿದೆಯಲ್ಲ, ಅದೇ ದೊಡ್ಡದು! 18 ಕುಳಿ ಮುಗಿಸುವಷ್ಟರಲ್ಲಿ ಸುಮಾರು ಎಂಟು ಕಿಲೋಮೀಟರ್ ಆಗುತ್ತದೆ. ಅದಕ್ಕೇ ಪುಟ್ಟ ಬ್ಯಾಟರಿ ಗಾಡಿಗಳು ಬಂದವು. ನನ್ನಂಥ ಮುದುಕರು ಅದರಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಅಮೆರಿಕದ ಪಿಜಿಎ ಟೂರ್ ಪಂದ್ಯಗಳಲ್ಲಿ ನಡೆದೇ ಆಡಬೇಕೆಂಬ ನಿಯಮವಿತ್ತು.

ಕೇಸಿ ಮಾರ್ಟಿನ್ ಎಂಬ ಆಟಗಾರನಿಗೆ ಹುಟ್ಟಿನಿಂದಲೇ ಬಲಗಾಲಿನಲ್ಲಿ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಹೆಜ್ಜೆ ಹೆಜ್ಜೆಗೂ ನೋವು, ಜೊತೆಗೆ ಮೂಳೆ ಮುರಿಯುವ ಭಯ. ಆಟದಲ್ಲಿ ಮಾತ್ರ ಗಟ್ಟಿಗ. ಕಾಲೇಜಿನಲ್ಲಿ ಟೈಗರ್ ವುಡ್ಸ್ ಇದ್ದ ತಂಡದಲ್ಲೇ ಇದ್ದವನು. ನನಗೊಂದು ಗಾಡಿ ಕೊಡಿ ಎಂದು ಕೇಳಿದ. ದಣಿವೂ ಆಟದ ಭಾಗವೇ, ಆಗುವುದಿಲ್ಲ ಎಂದಿತು ಟೂರ್. ಆರ್ನಾಲ್ಡ್ ಪಾಮರ್, ಜ್ಯಾಕ್ ನಿಕ್ಲಾಸ್‌ರಂಥ ಘಟಾನುಘಟಿಗಳೂ ಟೂರ್ ಪರವಾಗಿಯೇ ಸಾಕ್ಷಿ ಹೇಳಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಬಿಸಿಲಲ್ಲಿ ನಡೆದು ಸುಸ್ತಾದವನ ಕೈ ನಡುಗುವುದು ನಿಜವೇ ತಾನೆ?

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2001ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಮಾರ್ಟಿನ್ ಪರ ನಿಂತರು. ಕೋಲಿನಿಂದ ಚೆಂಡನ್ನು ಕುಳಿಗೆ ಸೇರಿಸುವುದೇ ಗಾಲ್ಫಿನ ತಿರುಳು, ನಡಿಗೆಯಲ್ಲ ಎಂದರು. ನನಗೆ ಹಿಡಿಸಿದ್ದು ಇನ್ನೊಂದು ಮಾತು: ಗಾಡಿ ಇದ್ದರೂ ಅವನು ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ನಡೆಯಲೇಬೇಕಿತ್ತು. ಅಷ್ಟಕ್ಕೇ ಅವನಿಗೆ ಆಗುತ್ತಿದ್ದ ಆಯಾಸ, ಪೂರ್ತಿ ನಡೆದವರ ಆಯಾಸಕ್ಕಿಂತ ಹೆಚ್ಚು!

ಮುಂದೆ ಮಾರ್ಟಿನ್ ಆರೆಗಾನ್ ವಿಶ್ವವಿದ್ಯಾಲಯದ ಗಾಲ್ಫ್ ತಂಡಕ್ಕೆ ಗುರುವಾದ. 2016ರಲ್ಲಿ ಆ ಹುಡುಗರು ಇಡೀ ದೇಶದ ಕಾಲೇಜು ಚಾಂಪಿಯನ್ನರಾದರು.