ಯಾರ ಸಹಿ ಬೇಕು?

ಸತ್ತಿಯ ಗೆಳೆಯರೇ, ಅಥಣಿಯ ಹಾಸ್ಟೆಲ್ ಹುಡುಗರೇ,

'ವಾರ್ಡನ್ ಒಪ್ಪೂದಿಲ್ಲ, ಓದುಕೂಟ ಹೆಂಗ ಮಾಡೂದು?' ಅಂತೀರಿ. ಕೇಳ್ರಿ.

1960ರ ದಶಕ. ಪುಣೆಯ ರಕ್ಷಣಾ ಪ್ರಯೋಗಾಲಯವೊಂದು ಅಂಬೇಡ್ಕರ್ ಜಯಂತಿ, ಬುದ್ಧ ಜಯಂತಿಯ ರಜೆಗಳನ್ನು ಕಿತ್ತುಹಾಕಿತು. ನಾಲ್ಕನೇ ದರ್ಜೆಯ ನೌಕರ ದೀನಾಭಾನ ಪ್ರತಿಭಟಿಸಿದರು, ಅಮಾನತಾದರು. ಅಲ್ಲೇ ನೌಕರಿಯಲ್ಲಿದ್ದ ಕಾನ್ಶಿರಾಮ್ ಅವರ ಬೆನ್ನಿಗೆ ನಿಂತರು. ಕಾನೂನು ಹೋರಾಟ ನಡೆಯಿತು. ದೀನಾಭಾನ ಕೆಲಸಕ್ಕೆ ಮರಳಿದರು, ರಜೆಗಳೂ ಮರಳಿದವು.

ಅಷ್ಟಕ್ಕೇ ನಿಲ್ಲಲಿಲ್ಲ. ಕಚೇರಿ ಬಿಟ್ಟ ಮೇಲಿನ ಹೊತ್ತು, ಸ್ವಂತ ಪಗಾರದ ಕಾಸು ಕೂಡಿಸಿ ನೌಕರರು ಸಂಘಟನೆ ಕಟ್ಟಿದರು. 1978ರ ಡಿಸೆಂಬರ್ 6ರಂದು ಬಾಮ್ಸೆಫ್ ಹುಟ್ಟಿತು. ಅದಕ್ಕೆ ಯಾವ ಸಾಹೇಬನ ಸಹಿಯೂ ಇರಲಿಲ್ಲ.

ನಮ್ಮ ಕೂಟಕ್ಕೆ ಯಾಕ ಬೇಕು? ರಾತ್ರಿ ಊಟ ಆದ ಮೇಲೆ ಒಂದು ಟ್ರಂಕು ಪುಸ್ತಕ, ಹತ್ತು ಹುಡುಗರು ಸಾಕು. ದೀನಾಭಾನ ಹೊಟ್ಟೆಯ ರೊಟ್ಟಿಯನ್ನೇ ಪಣಕ್ಕಿಟ್ಟರು. ನಾವು ಒಂದು ಬೈಗುಳಕ್ಕೆ ಹೆದರೋಣೇನು?