ಭೀಮೆ ದಾಟಿದ ಮೇಲೆ ಕೇಳಿದ ಕನ್ನಡ!

ಕನ್ನಡನಾಡು ಎಲ್ಲಿ ಮುಗಿಯುತ್ತದೆ? ನಕಾಶೆ ನೋಡಿ ಹೇಳಬೇಡಿ ಗೆಳೆಯರೇ. ಬೆಂಗಳೂರಿನಿಂದ ಗಾಡಿ ಹತ್ತಿ ಸೊಲ್ಲಾಪುರದ ಕಡೆ ಹೊರಡಿ. ನಮ್ಮದೇ ಮಣ್ಣಿನ ಮೇಲೆ ಕಟ್ಟಿದ ಟೋಲ್ ಗೇಟಿನಲ್ಲಿ ಅದು ಒಮ್ಮೆ ಮುಗಿಯುತ್ತದೆ. ಮಹಾರಾಷ್ಟ್ರದ ಹಳ್ಳಿಯ ಚಹಾದಂಗಡಿಯಲ್ಲಿ ಮತ್ತೆ ಶುರುವಾಗುತ್ತದೆ!

ಇದು ನನ್ನ ಕಟ್ಟುಕತೆಯಲ್ಲ. ನಮ್ಮ ಬೀದಿಯ ಹಿರಿಯ ದಂಪತಿ ಕಂಡು ಬಂದದ್ದು. ಯಜಮಾನರು ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಮನೆಯಾಕೆಯ ತವರು ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ಪ್ರತಿಸಲ ರೈಲು ಹತ್ತುತ್ತಿದ್ದವರು ಈ ಸಲ ಅಣ್ಣನ ಮೊಮ್ಮಗಳ ಲಗ್ನಪತ್ರಿಕೆ ತಲುಪಿಸುವ ನೆಪ ಮಾಡಿಕೊಂಡು ತಮ್ಮ ಹಳೇ ಮಾರುತಿ ಕಾರಿನಲ್ಲೇ ಹೊರಟರು. ಪತ್ರಿಕೆ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ. ಮುನ್ನೂರು ಪ್ರತಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ.

ತುಮಕೂರು, ಚಿತ್ರದುರ್ಗ, ಹೊಸಪೇಟೆ, ಇಳಕಲ್ಲು, ವಿಜಯಪುರ. ಸೊಲ್ಲಾಪುರ ಮುಟ್ಟುವ ಹೊತ್ತಿಗೆ ಸುಮಾರು 650 ಕಿಲೋಮೀಟರ್. ಚಿತ್ರದುರ್ಗದಿಂದ ಮೇಲಕ್ಕೆ ಹೋಗುವ ಈ ದಾರಿ ಮೊದಲು ರಾಷ್ಟ್ರೀಯ ಹೆದ್ದಾರಿ 13 ಆಗಿತ್ತು. ಒಂದು ತುದಿ ಸೊಲ್ಲಾಪುರ, ಇನ್ನೊಂದು ತುದಿ ಮಂಗಳೂರು. 2010ರಲ್ಲಿ ದಿಲ್ಲಿಯವರು ಹೆದ್ದಾರಿಗಳ ನಂಬರು ಬದಲಿಸಿದಾಗ ಅದು ತುಂಡಾಗಿ ಒಂದು ಕಡೆ 50 ಆಯಿತು, ಇನ್ನೊಂದು ಕಡೆ 52 ಆಯಿತು. "ಹದಿಮೂರು ಅಂದ್ರೇನೇ ನನಗೆ ದಾರಿ ಗೊತ್ತಾಗೋದು" ಅನ್ನುತ್ತಾರೆ ಯಜಮಾನರು.

ಅದೇ ದಾರಿಯ ಒಂದು ಟೋಲ್ ಗೇಟು. ವಿಜಯಪುರ ಇನ್ನೂ ದೂರವಿತ್ತು, ಕರ್ನಾಟಕದ ನಟ್ಟನಡು ಎನ್ನಿ. ಫಾಸ್ಟ್ಯಾಗನ್ನು ಯಂತ್ರ ಓದಲಿಲ್ಲ. ಗೂಡಿನೊಳಗಿನ ಹುಡುಗ "ಗಾಡಿ ಪೀಛೆ ಲೋ" ಎಂದ. ಯಜಮಾನರು "ದುಡ್ಡು ಇದೆ ನೋಡಪ್ಪಾ, ಇನ್ನೊಂದು ಸಲ ನೋಡು" ಎಂದರು. ಅವನಿಗೆ ತಿಳಿಯಲಿಲ್ಲ. ಇವರಿಗೆ ಹಿಂದಿ ಬಾರದು. ಹಿಂದೆ ಹಾರನ್ನುಗಳ ಮೆರವಣಿಗೆ. ಕೊನೆಗೆ ದುಭಾಷಿಯಾಗಿ ಇಳಿದು ಬಂದವನು ಯಾರು ಗೊತ್ತೆ? ನಾಮಕ್ಕಲ್ ಕಡೆಯ ಲಾರಿ ಚಾಲಕ, ತಮಿಳ! ಕನ್ನಡನಾಡಿನ ರಸ್ತೆಯಲ್ಲಿ ಕನ್ನಡಿಗನ ಮಾತನ್ನು ತಮಿಳನೊಬ್ಬ ಹಿಂದಿಗೆ ತಿರುಗಿಸಿ ಹೇಳಬೇಕಾಯಿತು. ಇದಕ್ಕಿಂತ ನಾಚಿಕೆಗೇಡು ಬೇಕೆ?

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡಿಗೆ ಸಾವಿರ ಮೈಲಿ ಬಂದವನು. ಕನ್ನಡದ ನಾಲ್ಕು ಮಾತು ಕಲಿಸದೆ ಅವನನ್ನು ಅಲ್ಲಿ ಕೂರಿಸಿದ ಗುತ್ತಿಗೆದಾರನ ಮೇಲೆ ಸಿಟ್ಟು. ಆಸುಪಾಸಿನ ಹಳ್ಳಿಯ ಪಿಯುಸಿ ಪಾಸಾದ ಹುಡುಗರು ಸಿಗಲಿಲ್ಲವೆ ಎಂದು ಅವನನ್ನು ಕೇಳದ ನಮ್ಮ ಸರ್ಕಾರದ ಮೇಲೆ ಸಿಟ್ಟು. ಕೆಳದರ್ಜೆಯ ಕೆಲಸಗಳೆಲ್ಲ ಕನ್ನಡಿಗರಿಗೇ ಸಿಗಬೇಕೆಂದು ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ವರದಿಗೆ ಧೂಳು ಹಿಡಿಯಿತು. ಆಮೇಲೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಬಂತು. 2024ರಲ್ಲಿ ಅದನ್ನು ತಿದ್ದಿ, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದರು. ಅದಕ್ಕಾಗಿ ನೀವು ಬೀದಿಗಿಳಿದಿರಿ, ಲಾಠಿಗೂ ಜಗ್ಗಲಿಲ್ಲ, ಶಹಬ್ಬಾಸ್. ಆದರೆ ಬೋರ್ಡಿನ ಕೆಳಗೆ ಕೂತ ಬಾಯಿಗೆ ಕನ್ನಡ ಬರಿಸುವವರು ಯಾರು?

ಹೆದ್ದಾರಿ ಫಲಕಗಳ ವಿಷಯ ಬೇರೆ ಇದೆ. ಅಚ್ಚಿನ ಕೆಲಸದವನಿಗೆ ಅವನ್ನು ಕಂಡರೆ ಕೆಂಪು ಪೆನ್ನು ಹಿಡಿಯುವ ಚಪಲ. ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಇನ್ನೊಂದು ಕಡೆ. ಮಹಾಪ್ರಾಣಕ್ಕೆ ಪ್ರಾಣವೇ ಇರುವುದಿಲ್ಲ. ಐನೂರು ರೂಪಾಯಿಯ ಕರಪತ್ರದಲ್ಲಿ ಒಂದಕ್ಷರ ತಪ್ಪಿದರೆ ಗಿರಾಕಿ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ. ಕೋಟಿ ಕೋಟಿಯ ರಸ್ತೆಗೆ ಒಬ್ಬ ಪ್ರೂಫ್ ರೀಡರ್ ಇಲ್ಲ!

ಇರಲಿ, ಗಾಡಿ ಮುಂದೆ ಹೋಗಲಿ. ವಿಜಯಪುರ ದಾಟಿ ಭೀಮಾ ಸೇತುವೆ ಏರಿದರು. ಆಚೆ ದಂಡೆ ದಕ್ಷಿಣ ಸೊಲ್ಲಾಪುರ ತಾಲ್ಲೂಕು, ಮಹಾರಾಷ್ಟ್ರ. ಫಲಕಗಳೆಲ್ಲ ಮರಾಠಿ. ಚಹಾದಂಗಡಿ ಎದುರು ಕಾರು ನಿಂತದ್ದೇ ತಡ, ಅಂಗಡಿಯವ "ಯಾವೂರ್ರೀ ನಿಮ್ದು? ಬರ್ರಿ, ಕೂಡ್ರಿ, ಚಾ ಕುಡ್ದು ಹೋಗ್ರಿ" ಎಂದ. ಆ ತಾಯಿ ಗಂಡನ ಮುಖ ನೋಡಿ ನಕ್ಕರಂತೆ: "ನಮ್ ರಾಜ್ಯದಾಗ ಹಿಂದಿ ಬರಲಿಲ್ಲಂತ ಬೈಸ್ಕೊಂಡ್ವಿ, ಇಲ್ಲಿ ಕನ್ನಡದಾಗ ಚಾ ಕುಡದ್ವಿ."

ಅದು ಆಶ್ಚರ್ಯವೇನಲ್ಲ. ಸೊಲ್ಲಾಪುರವೆಂದರೆ ಹನ್ನೆರಡನೇ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ, ಆ ಪೀಠ ಏರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರೇ. ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಹಳ್ಳಿಗಳು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲೇ ಮಹಾಜನ ವರದಿ ಹೇಳಿತು. ಆಯೋಗ ಬೇಕೆಂದು ಪಟ್ಟು ಹಿಡಿದ ಮಹಾರಾಷ್ಟ್ರವೇ ವರದಿಯನ್ನು ಒಪ್ಪಲಿಲ್ಲ. ನಾವು ಬೆಳಗಾವಿ ಉಳಿಸಿಕೊಳ್ಳುವ ಗಲಾಟೆಯಲ್ಲಿ ಭೀಮೆಯಾಚೆಯ ನಮ್ಮವರನ್ನು ಮರೆತೆವು.

ದಂಪತಿ ವಾಪಸು ಬರುವಾಗ ನನಗೊಂದು ಪುಸ್ತಕ ತಂದರು. ತವರಿನ ಮನೆಯ ಹುಡುಗ ಓದಿ ಮುಗಿಸಿದ ಕನ್ನಡ ಪಠ್ಯ. ಅಚ್ಚು ಹಾಕಿದವರು ಮಹಾರಾಷ್ಟ್ರದ ಬಾಲಭಾರತಿ! ಹೊಗಳಬೇಕಾದವರನ್ನು ಹೊಗಳಲೇಬೇಕು, ಕಾಗದವೂ ಮುದ್ರಣವೂ ಚೊಕ್ಕವಾಗಿವೆ. ಆ ಹುಡುಗ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದುತ್ತಾನೆ. ಆಮೇಲೆ? ಅಲ್ಲಿ ಮರಾಠಿ ಹುಡುಗರ ಜೊತೆ ಪೈಪೋಟಿ, ಇಲ್ಲಿಗೆ ಬಂದರೆ 'ನೀನು ಮಹಾರಾಷ್ಟ್ರದವನು' ಎಂಬ ಮಾತು. ನಮ್ಮ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ. ಅದು ಆ ಹಳ್ಳಿಯ ಎಷ್ಟು ಮನೆಗಳಿಗೆ ಗೊತ್ತು? ಹೋಗಿ ಹೇಳಿದವರು ಯಾರು?

ನವೆಂಬರ್ ಒಂದಕ್ಕೆ ಬೈಕಿಗೆ ಬಾವುಟ ಕಟ್ಟಿ ಮೆಜೆಸ್ಟಿಕ್ ಸುತ್ತುತ್ತೀರಿ. ಸುತ್ತಿ, ಬೇಡ ಅನ್ನುವುದಿಲ್ಲ. ಜೊತೆಗೆ ಟೋಲ್ ಗೇಟಿನಲ್ಲಿ ಕನ್ನಡ ಬಾರದವರು ಕೂತಿದ್ದರೆ ಅಲ್ಲೇ ಗಾಡಿ ಬದಿಗೆ ಹಾಕಿ 1033ಕ್ಕೆ ಫೋನು ಮಾಡಿ, ದೂರನ್ನು ಕನ್ನಡದಲ್ಲೇ ಹೇಳಿ, ದೂರಿನ ನಂಬರು ಕೇಳಿ ಬರೆದುಕೊಳ್ಳಿ. ಹುಡುಗನ ಮೇಲೆ ಕೈ ಮಾಡಬೇಡಿ, ಗುತ್ತಿಗೆದಾರನ ಹೆಸರು ಕೇಳಿ. ನಂಬರುಗಳನ್ನೆಲ್ಲ ಒಟ್ಟು ಮಾಡಿ ತಂದುಕೊಟ್ಟರೆ ಕರಪತ್ರ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಜಾತ್ರೆ. ರೈಲಿದೆ, ಬಸ್ಸಿದೆ, ನಿಮ್ಮ ಬಳಿ ಬೈಕೂ ಇದೆ. ಹೋಗುವಾಗ ಚೀಲದಲ್ಲಿ ಸಿಇಟಿ ಮಾಹಿತಿಯ ನಾಲ್ಕು ಹಾಳೆ ಇರಲಿ.